ಪಕ್ಕದ ಸೈಟಿನಲ್ಲಿ ಸ್ಲ್ಯಾಬ್ ಕ್ಯೂರಿಂಗ್, ನಮ್ಮ ಬ್ಲಾಕಿನಲ್ಲಿ ಮಲೇರಿಯಾ: ಫಾಗಿಂಗ್ ಮಾಡಿಸಿದರೆ ಸಾಕಾ?

ಬಾಲ್ಕನಿ_ಗಿಡ

ಮಂಗಳೂರು. ನಮ್ಮ ಅಪಾರ್ಟ್‌ಮೆಂಟಿನ ಕಾಂಪೌಂಡಿಗೆ ತಾಗಿಕೊಂಡೇ ಹೊಸ ಬಿಲ್ಡಿಂಗ್ ಏಳ್ತಾ ಉಂಟು. ಈ ಮಳೆಗಾಲ ಶುರುವಾದ ಮೇಲೆ ಒಂದೇ ಬ್ಲಾಕಿನ ಮೂರು ಮನೆಗಳಲ್ಲಿ ವೈವಾಕ್ಸ್ ಅನ್ನುವ ಬಗೆಯ ಮಲೇರಿಯಾ. ಚರಂಡಿ ಕ್ಲೀನ್ ಮಾಡಿಸಿ ಆಯ್ತು, ಬ್ಲೀಚಿಂಗ್ ಪೌಡರ್ ಹಾಕಿಸಿ ಆಯ್ತು. ಅಸೋಸಿಯೇಶನ್‌ನವರು ಇನ್ನು ವಾರಕ್ಕೊಮ್ಮೆ ಫಾಗಿಂಗ್ ಅಂತ ಕೂತಿದ್ದಾರೆ. ಗೊತ್ತಿದ್ದವರು ಹೇಳಿ ಮಾರಾಯ್ರೆ, ದುಡ್ಡು ಎಲ್ಲಿ ಹಾಕಿದರೆ ಪ್ರಯೋಜನ?

ಸೊಳ್ಳೆಮರಿ

ಚರಂಡಿ ಕ್ಲೀನ್ ಮಾಡಿಸಿದ್ದು ಒಳ್ಳೆಯದೇ. ಆದರೆ ಮಲೇರಿಯಾಕ್ಕೂ ಅದಕ್ಕೂ ಸಂಬಂಧ ಕಡಿಮೆ. ಕೊಳಚೆಯಲ್ಲಿ ಹುಟ್ಟುವುದು ಕ್ಯೂಲೆಕ್ಸ್, ರಾತ್ರಿಯಿಡೀ ಕಿವಿಯ ಹತ್ತಿರ ಗುಂಯ್ ಅನ್ನುವ ಸೊಳ್ಳೆ. ಮಂಗಳೂರಿನಂಥ ಪಟ್ಟಣಗಳಲ್ಲಿ ಮಲೇರಿಯಾ ಹರಡುವುದು ಅನಾಫಿಲಿಸ್ ಸ್ಟೀಫೆನ್ಸಿ. ಇದಕ್ಕೆ ಬೇಕಾದದ್ದು ತಿಳಿನೀರು. ಓವರ್‌ಹೆಡ್ ಟ್ಯಾಂಕ್, ಸಂಪು, ಬಳಸದ ಬಾವಿ, ಕಾಂಕ್ರೀಟ್ ಗಟ್ಟಿಯಾಗಲು ನಿಲ್ಲಿಸುವ ಕ್ಯೂರಿಂಗ್ ನೀರು, ಲಿಫ್ಟ್ ಗುಂಡಿ, ಸೈಟಿನ ಡ್ರಮ್ಮು. 1990ರ ದಶಕದಿಂದ ಮಂಗಳೂರಿನಲ್ಲಿ ಕಟ್ಟಡ ಕೆಲಸವೂ ಮಲೇರಿಯಾವೂ ಒಟ್ಟೊಟ್ಟಿಗೆ ಏರಿದ್ದಕ್ಕೆ ಕಾರಣ ಇದೇ.

ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ನಮ್ಮ ಕರಾವಳಿಯ ಬಿಸಿಗೆ 7ರಿಂದ 10 ದಿನ ಸಾಕು. ಆ ಸೊಳ್ಳೆ ರೋಗಿಯ ರಕ್ತ ಹೀರಿದ ಮರುದಿನವೇ ರೋಗ ಹಂಚುವುದಿಲ್ಲ. ಮಲೇರಿಯಾದ ರೋಗಾಣು, ಅಂದರೆ ಪರಾವಲಂಬಿ, ಅದರ ಹೊಟ್ಟೆಯ ಗೋಡೆಯಲ್ಲಿ ಬೆಳೆದು ಜೊಲ್ಲಿನ ಗ್ರಂಥಿಗೆ ಬರಲು ಇನ್ನೂ ಸುಮಾರು 10ರಿಂದ 14 ದಿನ ಬೇಕು. ಅಷ್ಟು ದಿನ ಬದುಕುಳಿದ ಹೆಣ್ಣು ಸೊಳ್ಳೆ ಮಾತ್ರ ಅಪಾಯಕಾರಿ. ಮಳೆಗಾಲದ ತೇವಾಂಶ ಸೊಳ್ಳೆಯ ಆಯಸ್ಸು ಹೆಚ್ಚಿಸುತ್ತದೆ, ಹಾಗಾಗಿ ಈ ಲೆಕ್ಕ ಜೂನ್ ನಂತರ ನಮಗೆ ತಿರುಗಿಬೀಳುತ್ತದೆ.

ಫಾಗಿಂಗ್ ಹೊಗೆಗೆ ಸಾಯುವುದು ಆ ಹೊತ್ತಿಗೆ ಹಾರಾಡುತ್ತಾ ಹೊಗೆಯ ಹನಿ ತಾಗಿಸಿಕೊಂಡ ಸೊಳ್ಳೆ ಮಾತ್ರ. ಮನೆಯೊಳಗೆ ಮಂಚದಡಿ, ಪರದೆ ಹಿಂದೆ ಕೂತದ್ದಕ್ಕೆ ಏನೂ ಆಗುವುದಿಲ್ಲ. ನೀರಿನಲ್ಲಿದ್ದ ಮರಿಗಳಂತೂ ಎರಡು ದಿನ ಬಿಟ್ಟು ಹಾರುತ್ತವೆ. ನಿಮ್ಮವರು ಮಧ್ಯಾಹ್ನ ಮೂರಕ್ಕೆ ಫಾಗಿಂಗ್ ಮಾಡಿಸುತ್ತಾರಾದರೆ ಅದು ಕೇವಲ ಡೀಸೆಲ್ ಹೊಗೆ: ಬಿಸಿಗಾಳಿ ಹೊಗೆಯನ್ನು ಮೇಲೆತ್ತಿಕೊಂಡು ಹೋಗುತ್ತದೆ.

ಬಾಲ್ಕನಿ_ಗಿಡ

ಸರ್, ನೀರಲ್ಲಿ ಕಂಡ ಮರಿ ಯಾವ ಸೊಳ್ಳೆಯದ್ದು ಅಂತ ನಮ್ಮಂಥವರಿಗೆ ಗೊತ್ತಾಗ್ತದಾ?

ಸೊಳ್ಳೆಮರಿ

ಖಂಡಿತ ಗೊತ್ತಾಗುತ್ತದೆ. ಬಿಳಿ ಮಗ್ ಒಂದು, ಟಾರ್ಚ್ ಒಂದು ಸಾಕು. ನಿಮ್ಮ ನೆರಳು ನೀರಿನ ಮೇಲೆ ಬೀಳದಂತೆ ನಿಲ್ಲಿ. ನೆರಳು ಬಿದ್ದರೆ, ನೀರು ಅಲುಗಿದರೆ ಎಲ್ಲಾ ತಳಕ್ಕೆ ಮುಳುಗುತ್ತವೆ. ಆಗ ಎರಡು ಮೂರು ನಿಮಿಷ ಸುಮ್ಮನಿದ್ದರೆ ಉಸಿರಿಗಾಗಿ ಮೇಲೆ ಬಂದೇ ಬರುತ್ತವೆ. ಮಗ್ಗನ್ನು ಓರೆಯಾಗಿ ಹಿಡಿದು, ಗೋಡೆಯಂಚಿನ ಮೇಲ್ನೀರು ತಾನಾಗಿ ಒಳಗೆ ಹರಿಯುವಂತೆ ಮಾಡಿ. ನಡು ನೀರಿನಲ್ಲಿ ಮೊಗೆದರೆ ಸಿಗುವುದಿಲ್ಲ, ಮೂಲೆಯಲ್ಲಿ, ಪಾಚಿ ಕಸ ತೇಲುವಲ್ಲಿ ನೋಡಿ.

ಮರಿ ನೀರಿನ ಮೇಲ್ಮೈಗೆ ಸಮನಾಗಿ, ಕಡ್ಡಿ ತೇಲಿದ ಹಾಗೆ ಮಲಗಿದ್ದರೆ ಅನಾಫಿಲಿಸ್. ಬಾಲ ಮೇಲೆ, ತಲೆ ಕೆಳಗೆ ಮಾಡಿ ನೇತಾಡುತ್ತಿದ್ದರೆ ಕ್ಯೂಲೆಕ್ಸ್ ಅಥವಾ ಡೆಂಗಿಯ ಈಡಿಸ್. ಬಾಲದ ತುದಿಯಲ್ಲಿ ಉಸಿರಾಟದ ಕೊಳವೆ ಇರುವುದರಿಂದ ಅವು ನೇತಾಡಲೇಬೇಕು, ಅನಾಫಿಲಿಸ್‌ಗೆ ಆ ಕೊಳವೆ ಇಲ್ಲ. ಅಲ್ಪವಿರಾಮದ ಆಕಾರದ, ಚುರುಕಾಗಿ ಪಲ್ಟಿ ಹೊಡೆಯುವ ಕೋಶಗಳು (ಮರಿಯ ಮುಂದಿನ ಹಂತ) ಕಂಡರೆ ತಡಮಾಡಬೇಡಿ, ಒಂದೆರಡು ದಿನದಲ್ಲಿ ರೆಕ್ಕೆ ಬರುತ್ತದೆ. ಕೋಶ ಏನನ್ನೂ ತಿನ್ನುವುದಿಲ್ಲ, ಆದ್ದರಿಂದ ತಿಂದರೆ ಸಾಯುವಂಥ ಬಿಟಿಐ ಎಂಬ ಮರಿನಾಶಕ ಪುಡಿ ಅದರ ಮೇಲೆ ಕೆಲಸ ಮಾಡದು.

ತಾರಸಿ_ಮಟ್ಟ

ಸಿವಿಲ್ ಕಡೆಯಿಂದ ನಾಲ್ಕು ಮಾತು. ತಾರಸಿ ಕ್ಯೂರಿಂಗ್ ಅಂದರೆ ಗಾರೆಯಲ್ಲಿ ಸಣ್ಣ ಸಣ್ಣ ಬದು ಕಟ್ಟಿ ನೀರು ನಿಲ್ಲಿಸುವುದು. ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456 ಪ್ರಕಾರ ಒಪಿಸಿ ಎಂಬ ಸಾದಾ ಸಿಮೆಂಟಿಗೆ ಕನಿಷ್ಠ 7 ದಿನ, ಪಿಪಿಸಿಯಂಥ ಮಿಶ್ರ ಸಿಮೆಂಟಿಗೆ ಕನಿಷ್ಠ 10 ದಿನ. ಈಗ ಸೊಳ್ಳೆಮರಿ ಅವರು ಹೇಳಿದ 7ರಿಂದ 10 ದಿನದ ಪಕ್ಕದಲ್ಲಿ ಇದನ್ನಿಟ್ಟು ನೋಡಿ. ಸೊಳ್ಳೆಗೆ ಬೇಕಾದಷ್ಟು ದಿನ ನಾವೇ ನೀರು ಕಾಯ್ದುಕೊಡುತ್ತೇವೆ.

ಹಾಗಂತ ಕ್ಯೂರಿಂಗ್ ನಿಲ್ಲಿಸಿ ಎನ್ನಲಾಗದು, ಸ್ಲ್ಯಾಬ್ ಬಿರುಕು ಬಿಡುತ್ತದೆ. ಐದನೇ ದಿನ ಬದು ಒಡೆದು ನೀರೆಲ್ಲಾ ಹೊರಬಿಟ್ಟು, ಪೊರಕೆಯಲ್ಲಿ ಗುಡಿಸಿ, ಕೂಡಲೇ ಹೊಸ ನೀರು ತುಂಬಿಸಿದರೆ ಕಾಂಕ್ರೀಟಿಗೆ ತೊಂದರೆಯಿಲ್ಲ. ಗುಡಿಸಿದ ನೀರು ಎಲ್ಲಿ ಬೀಳುತ್ತದೆ ಅನ್ನುವುದೇ ಇಲ್ಲಿ ಮುಖ್ಯ. ಮರಿಗಳ ಸಮೇತ ಕೆಳಗಿನ ಮಹಡಿಯ ಹೊಂಡಕ್ಕೆ ಬಿದ್ದರೆ ಅವು ಅಲ್ಲೇ ಬೆಳೆಯುತ್ತವೆ. ಮಣ್ಣಿಗೆ ಬಿಡಬೇಕು, ಇಂಗಿ ಒಣಗಬೇಕು. ಕಂಬ, ಗೋಡೆಗಳಿಗೆ ನೀರು ನಿಲ್ಲಿಸುವ ಪ್ರಶ್ನೆಯೇ ಇಲ್ಲ, ಗೋಣಿತಾಟು ಸುತ್ತಿ ದಿನಕ್ಕೆ ಮೂರ್ನಾಲ್ಕು ಸಲ ನೆನೆಸಿದರಾಯಿತು. ಸ್ಲ್ಯಾಬಿಗೂ ಗೋಣಿ ಹಾಸಬಹುದು, ಆದರೆ ನೆನೆಸುವ ಆಳು ತಪ್ಪಬಾರದು.

ಇನ್ನು ಯಾರೂ ನೋಡದ ಜಾಗ ಒಂದಿದೆ: ಟಾಯ್ಲೆಟ್ಟಿನ ಸಂಕನ್ ಸ್ಲ್ಯಾಬ್. ಬಾತ್‌ರೂಮ್ ಪೈಪಿಗಾಗಿ ಸ್ಲ್ಯಾಬನ್ನು ಗೇಣಿಗಿಂತ ಹೆಚ್ಚು ಕೆಳಗಿಳಿಸಿರುತ್ತಾರೆ. ಗೋಡೆ, ಪ್ಲಂಬಿಂಗ್ ಆಗುವವರೆಗೆ ಅದು ತಿಂಗಳುಗಟ್ಟಲೆ ಹಾಗೇ ತೆರೆದ ತೊಟ್ಟಿ. ಮೇಲಿನ ಮಹಡಿಯ ಕ್ಯೂರಿಂಗ್ ನೀರು, ಮಳೆ ನೀರು ಎಲ್ಲಾ ಅಲ್ಲಿಗೆ. ಎಂಟು ಮಹಡಿ, ಮಹಡಿಗೆ ಎಂಟು ಟಾಯ್ಲೆಟ್ ಅಂದರೆ 64 ತೊಟ್ಟಿ. ಸ್ಲ್ಯಾಬ್ ಹಾಕುವಾಗಲೇ ಆ ಗುಂಡಿಯ ತಗ್ಗಿನ ಮೂಲೆಯಲ್ಲಿ ಒಂದು ಪೈಪಿನ ತುಂಡು ಬಿಟ್ಟರೆ ನೀರು ಇಳಿದುಹೋಗುತ್ತದೆ, ಆಮೇಲೆ ವಾಟರ್‌ಪ್ರೂಫಿಂಗ್ ಮಾಡುವಾಗ ಮುಚ್ಚಿಕೊಳ್ಳಬಹುದು. ಇಷ್ಟು ಸುಲಭದ ಕೆಲಸ, ಡ್ರಾಯಿಂಗಿನಲ್ಲಿ ಬರೆದಿರದ ಕಾರಣ ಯಾರೂ ಮಾಡುವುದಿಲ್ಲ.

ಬಾಲ್ಕನಿ_ಗಿಡ

ಲಿಫ್ಟ್ ಗುಂಡಿಯ ನೀರಿಗೆ ಏನು ಮಾಡುವುದು? ಪಂಪಿಟ್ಟು ತೆಗೆದರೆ ಮರುದಿನ ಪುನಃ ತುಂಬ್ತದೆ ಅಂತ ಸೈಟಿನವರು ಹೇಳ್ತಾರೆ.

ತಾರಸಿ_ಮಟ್ಟ

ಅಂತರ್ಜಲ ಒಸರುತ್ತಿದ್ದರೆ ಅವರು ಹೇಳುವುದು ನಿಜ. ವಾರಕ್ಕೊಮ್ಮೆ ಲಾರ್ವಾ ಎಣ್ಣೆ, ಅಂದರೆ ಮರಿ ಕೊಲ್ಲುವ ಎಣ್ಣೆ, ಹಾಕಬೇಕು. ಚದರ ಮೀಟರಿಗೆ 20 ಎಂಎಲ್ ಲೆಕ್ಕ. ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲದ ಗುಂಡಿಗೆ 80 ಎಂಎಲ್. ಎಣ್ಣೆ ಪೊರೆಯಾಗಿ ಹರಡಿ ಮರಿಯ ಉಸಿರು ಕಟ್ಟುತ್ತದೆ. ನೀರಿನ ಮೇಲೆ ಥರ್ಮೋಕೋಲ್, ಪ್ಲಾಸ್ಟಿಕ್ ಕಸ ತೇಲುತ್ತಿದ್ದರೆ ಪೊರೆ ಮುರಿಯುತ್ತದೆ. ಮೊದಲು ಕಸ ತೆಗೆಸಿ, ಆಮೇಲೆ ಎಣ್ಣೆ. ಗುಂಡಿ ತುಂಬಿ ಹೊರಗೆ ಹರಿಯುತ್ತಿದ್ದರೂ ಪ್ರಯೋಜನವಿಲ್ಲ.

ಕೋಲಾರದ_ಗಪ್ಪಿ

ಮರಿ ತಿನ್ನುವ ಮೀನು ಬಿಡಬಹುದಲ್ಲ? ನಮ್ಮ ಕಡೆ ಹಳ್ಳಿ ಬಾವಿಗಳಿಗೆ ಗಪ್ಪಿ ಬಿಟ್ಟು ಮಲೇರಿಯಾ ಇಳಿಸಿದ್ದಾರೆ.

ಸೊಳ್ಳೆಮರಿ

ಬಾವಿ, ಕಾರಂಜಿ, ಕಲ್ಲುಕ್ವಾರಿ ಹೊಂಡಕ್ಕೆ ಗಪ್ಪಿ ತುಂಬಾ ಒಳ್ಳೆಯದು. ನಿಮ್ಮ ಕಡೆ ಕೆಲಸ ಮಾಡಿದ್ದಕ್ಕೆ ಕಾರಣ ಅಲ್ಲಿನ ವಾಹಕ ಅನಾಫಿಲಿಸ್ ಕ್ಯುಲಿಸಿಫೇಸಿಸ್ ಬಾವಿಯಲ್ಲೇ ಮೊಟ್ಟೆಯಿಡುತ್ತಿತ್ತು. ಇಲ್ಲಿ ಸೈಟಿನ ಹೊಸ ಸಿಮೆಂಟ್ ತೊಟ್ಟಿಯ ಕ್ಷಾರಕ್ಕೆ ಮೀನು ಸಾಯುತ್ತದೆ, ಬ್ಲೀಚಿಂಗ್ ಹಾಕಿದ ನೀರಿನಲ್ಲೂ ಸಾಯುತ್ತದೆ. ಮರಿ ತಿನ್ನುವ ಇನ್ನೊಂದು ಮೀನು ಗ್ಯಾಂಬೂಸಿಯಾವನ್ನು ಮಾತ್ರ ಹೊಳೆ, ತೋಡು, ಕೆರೆಗೆ ಬಿಡಬೇಡಿ. ಊರಿನ ಸಣ್ಣ ಮೀನು, ಕಪ್ಪೆಮರಿ ಎಲ್ಲವನ್ನೂ ತಿಂದು ಮುಗಿಸುತ್ತದೆ.

ಮೀನಿಗಿಂತ ಮೊದಲು ನಿಮ್ಮದೇ ಟ್ಯಾಂಕ್ ಹತ್ತಿ ನೋಡಿ. ಎಲ್ಲರೂ ಪಕ್ಕದ ಸೈಟಿನತ್ತ ಬೆರಳು ತೋರಿಸುವಾಗ ತಮ್ಮ ತಾರಸಿ ಮೇಲಿನ ಸಿಂಟೆಕ್ಸಿನ ಮುಚ್ಚಳ ಗಾಳಿಗೆ ಹಾರಿಹೋಗಿ ವರ್ಷವಾಗಿರುತ್ತದೆ. ಮುಚ್ಚಳ ಇದ್ದರಷ್ಟೇ ಸಾಲದು, ತಿರುಪು ಪೂರ್ತಿ ಕೂರಬೇಕು. ಓವರ್‌ಫ್ಲೋ ಪೈಪಿನ ಬಾಯಿಗೂ ಗಾಳಿ ಕೊಳವೆಗೂ ನೈಲಾನ್ ಬಲೆ ಕಟ್ಟಿ ಕ್ಲಿಪ್ ಬಿಗಿಯಿರಿ. ಸೊಳ್ಳೆ ಒಳಗೆ ಹೋಗುವುದು ಹೆಚ್ಚಾಗಿ ಅಲ್ಲಿಂದಲೇ. ಕಬ್ಬಿಣದ ಬಲೆ ಕರಾವಳಿಯ ಉಪ್ಪುಗಾಳಿಗೆ ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿದು ಉದುರುತ್ತದೆ. ಕುಡಿಯುವ ನೀರಿಗೆ ಟೆಮಿಫಾಸ್ ಎಂಬ ಮರಿನಾಶಕ ಹಾಕಲೇಬೇಕಾಗಿ ಬಂದರೆ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಅದೂ ಪಾಲಿಕೆಯ ಮಲೇರಿಯಾ ವಿಭಾಗದವರ ಕೈಯಲ್ಲೇ ಹಾಕಿಸಿ. ಸರಿಯಾಗಿ ಮುಚ್ಚಿದ ಟ್ಯಾಂಕಿಗೆ ಔಷಧಿಯೇ ಬೇಡ.

ಕದ್ರಿ_ಕಡೆಯವ

ಇದೆಲ್ಲ ಸುತ್ತುಬಳಸು. ಹೊರರಾಜ್ಯದಿಂದ ಬರುವ ಕೂಲಿಯವರೇ ರೋಗ ತರುವುದು. ಅವರನ್ನು ಮೊದಲು ಟೆಸ್ಟ್ ಮಾಡಿಸಿ.

ನೂರು_ಫೀಲ್ಡ್

ಟೆಸ್ಟ್ ಮಾಡಿಸಬೇಕು ಅನ್ನುವುದು ಸರಿ, ಉಳಿದದ್ದು ಅರ್ಧಸತ್ಯ. ಮಲೇರಿಯಾ ಹೆಚ್ಚಿರುವ ಊರಿನಿಂದ ಬಂದವರ ರಕ್ತದಲ್ಲಿ ಪರಾವಲಂಬಿ ಇರಬಹುದು, ಅದರಲ್ಲೂ ಜ್ವರವೇ ಇಲ್ಲದೆ ಇರಬಹುದು. ಆದರೆ ಮುಚ್ಚಿದ ಕಿಟಕಿಯಿಲ್ಲದೆ, ಪರದೆಯಿಲ್ಲದೆ, ಮರಿಗಳು ತುಂಬಿದ ಸೈಟಿನಲ್ಲೇ ರಾತ್ರಿ ಮಲಗುವವರೂ ಅವರೇ. ಇಲ್ಲಿಗೆ ಬಂದ ಮೇಲೆ ಇಲ್ಲಿನ ಸೊಳ್ಳೆಯಿಂದ ಅಂಟಿಸಿಕೊಂಡವರು ಎಷ್ಟೋ. ಸ್ಲೈಡ್ ನೋಡಿ ಈ ಪರಾವಲಂಬಿ ಯಾವ ಊರಿನದ್ದು ಎಂದು ಹೇಳಲು ಬರುವುದಿಲ್ಲ.

ಮಾಡಬೇಕಾದದ್ದು ಇಷ್ಟು: ಕೆಲಸಕ್ಕೆ ಸೇರಿದ ವಾರದಲ್ಲೇ ಎಲ್ಲರ ರಕ್ತಲೇಪನ (ಗಾಜಿನ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ), ಜ್ವರ ಬಂದವರಿಗೆ ಅದೇ ದಿನ ಪರೀಕ್ಷೆ, ಶೆಡ್ಡಿನಲ್ಲಿ ಔಷಧಿ ಲೇಪಿತ ಸೊಳ್ಳೆಪರದೆ. ಪರದೆ ಕೊಟ್ಟರೆ ಸಾಲದು, ಕಟ್ಟಲು ಮೊಳೆ, ಹಗ್ಗವನ್ನೂ ಕೊಡಿ. ತಗಡಿನ ಶೆಡ್ಡಿನಲ್ಲಿ ಕಟ್ಟುವುದಕ್ಕೇ ಜಾಗ ಇರುವುದಿಲ್ಲ. ಪರೀಕ್ಷೆಗೆ ಹೋದ ದಿನದ ಕೂಲಿ ಕತ್ತರಿಸಿದರೆ ಯಾರೂ ಜ್ವರ ಹೇಳಿಕೊಳ್ಳುವುದಿಲ್ಲ, ಇದನ್ನು ಕಂಟ್ರಾಕ್ಟರಿಗೆ ಬಿಡಿಸಿ ಹೇಳಿ.

ವೈವಾಕ್ಸ್‌ನಲ್ಲಿ ಇನ್ನೊಂದು ತೊಡಕು ಇದೆ. ಸೊಳ್ಳೆಗೆ ದಾಟುವ ಗ್ಯಾಮಿಟೋಸೈಟ್ ಹಂತ ಜ್ವರ ಕಾಣಿಸಿಕೊಳ್ಳುವ ಹೊತ್ತಿಗಾಗಲೇ ರಕ್ತದಲ್ಲಿರುತ್ತದೆ. ರೋಗಿ ಪರೀಕ್ಷೆಗೆ ಬರುವ ಮುಂಚೆಯೇ ಹಂಚಿ ಆಗಿರುತ್ತದೆ. ಮಲೇರಿಯಾದ ಇನ್ನೊಂದು, ಹೆಚ್ಚು ಅಪಾಯದ ಬಗೆ ಫಾಲ್ಸಿಪಾರಂನಲ್ಲಿ ಅದು ಜ್ವರ ಶುರುವಾಗಿ ವಾರದ ಮೇಲೆ ಕಾಣುತ್ತದೆ, ಬೇಗ ಚಿಕಿತ್ಸೆ ಕೊಟ್ಟರೆ ಹರಡುವುದನ್ನು ತಡೆಯಬಹುದು.

ಬಾಲ್ಕನಿ_ಗಿಡ

ಮೇಡಂ, ಒಂದು ಮನೆಯವರಿಗೆ ಮೊದಲ ಟೆಸ್ಟ್ ನೆಗೆಟಿವ್ ಬಂದು ಮೂರನೇ ದಿನ ಪಾಸಿಟಿವ್ ಬಂತು. ಲ್ಯಾಬಿನ ತಪ್ಪಾ?

ನೂರು_ಫೀಲ್ಡ್

ಹಾಗೇ ಹೇಳಲಾಗದು. ಮೊದಲ ದಿನಗಳಲ್ಲಿ ಪರಾವಲಂಬಿ ಕಡಿಮೆ ಇರುತ್ತದೆ. ಒಂದು ಲೇಪನ ನೆಗೆಟಿವ್ ಬಂದರೂ ಜ್ವರ ಬಿಡದಿದ್ದರೆ 12ರಿಂದ 24 ಗಂಟೆಗೊಮ್ಮೆ, ಮೂರು ಸಲ ನೋಡಬೇಕು. ಚಳಿ ಬರುವವರೆಗೆ ಕಾಯಬೇಕು ಅನ್ನುವುದು ಹಳೇ ನಂಬಿಕೆ, ಯಾವ ಹೊತ್ತಿಗೂ ರಕ್ತ ಕೊಡಬಹುದು. ದಿನ ಬಿಟ್ಟು ದಿನದ ಜ್ವರವೂ ಶುರುವಿಗೇ ಬರುವುದಿಲ್ಲ, ಮೊದಲ ನಾಲ್ಕೈದು ದಿನ ದಿನಾ ಜ್ವರ ಇರುತ್ತದೆ. ಪರೀಕ್ಷೆಗೆ ಮೊದಲೇ ಯಾರಾದರೂ ಕ್ಲೋರೋಕ್ವಿನ್ ಒಂದು ಡೋಸ್ ಕೊಟ್ಟಿದ್ದರೆ ಲೇಪನ ಮೋಸ ಮಾಡುತ್ತದೆ.

ದಪ್ಪ ಲೇಪನದಲ್ಲಿ ನೂರು ಫೀಲ್ಡ್ (ಸೂಕ್ಷ್ಮದರ್ಶಕದಲ್ಲಿ ಒಮ್ಮೆಗೆ ಕಾಣುವ ಜಾಗ ಒಂದು ಫೀಲ್ಡ್) ನೋಡದೆ ನೆಗೆಟಿವ್ ಬರೆಯಬಾರದು. ಈ ಮಳೆಗಾಲದ ತೇವಕ್ಕೆ ದಪ್ಪ ಲೇಪನ ಒಣಗುವುದು ತಡ. ಅವಸರಕ್ಕೆ ಹೇರ್ ಡ್ರೈಯರ್ ಬಿಸಿ ಹಿಡಿದರೆ ರಕ್ತಕಣ ಬೆಂದು ಗಾಜಿಗೆ ಅಂಟಿಕೊಳ್ಳುತ್ತದೆ, ಆಮೇಲೆ ಹಿಮೋಗ್ಲೋಬಿನ್ ತೊಳೆದುಹೋಗದೆ ಇಡೀ ಲೇಪನ ಕೆಂಪು ಮಸಿಯಾಗಿ ಏನೂ ಕಾಣದು. ಸಮತಟ್ಟಾಗಿಟ್ಟು, ನೊಣ ಇರುವೆ ಮುಟ್ಟದಂತೆ ಮುಚ್ಚಿ, ಫ್ಯಾನ್ ಗಾಳಿಗೆ ಒಣಗಿಸುವುದೇ ಸರಿ. ರಕ್ತಕಣವನ್ನು ಗಾಜಿಗೆ ಹಿಡಿಸುವ ಮೆಥನಾಲ್ ತೆಳು ಲೇಪನಕ್ಕೆ ಮಾತ್ರ, ಅದರ ಹನಿ ಪಕ್ಕದ ದಪ್ಪ ಲೇಪನಕ್ಕೆ ಸಿಡಿದರೂ ಕೆಟ್ಟಿತು.

ರ‍್ಯಾಪಿಡ್ ಕಿಟ್‌ಗೆ 5 ಮೈಕ್ರೋಲೀಟರ್ ರಕ್ತ, ಕಿಟ್ ಹೇಳಿದಷ್ಟೇ ಹನಿ ದ್ರಾವಣ, ಕಿಟ್ ಹೇಳಿದ ನಿಮಿಷಕ್ಕೇ ಓದು. ಸಾಮಾನ್ಯವಾಗಿ 15ರಿಂದ 20. ಅರ್ಧ ಗಂಟೆಯ ಮೇಲೆ ಕಂಡ ಗೆರೆಯನ್ನು ನಂಬಬಾರದು. ಫಾಲ್ಸಿಪಾರಂನ ಎಚ್‌ಆರ್‌ಪಿ2 ಎಂಬ ಪ್ರೋಟೀನ್ ತೋರಿಸುವ ಗೆರೆ ರೋಗ ವಾಸಿಯಾದ ಮೇಲೂ ವಾರಗಟ್ಟಲೆ ಬರುತ್ತದೆ, ಆದ್ದರಿಂದ ಗುಣವಾಯಿತೇ ಎಂದು ನೋಡಲು ಕಿಟ್ ಬಳಸಬೇಡಿ, ಲೇಪನವೇ ಬೇಕು.

ಕದ್ರಿ_ಕಡೆಯವ

ಪ್ಲೇಟ್‌ಲೆಟ್ 60 ಸಾವಿರಕ್ಕೆ ಇಳಿದರೆ ಡೆಂಗಿಯೇ ಅಲ್ವಾ? ಪಪ್ಪಾಯಿ ಎಲೆ ರಸ ಕುಡಿಸ್ತಾ ಇದ್ದಾರೆ ಇಲ್ಲಿ ಒಬ್ಬರು.

ಔಷಧಿ_ಚೀಟಿ

ಅಲ್ಲ. ಮಲೇರಿಯಾದಲ್ಲೂ, ಬರೀ ವೈವಾಕ್ಸ್‌ನಲ್ಲೂ ಪ್ಲೇಟ್‌ಲೆಟ್ ಹಾಗೆ ಇಳಿಯುವುದು ಸರ್ವೇಸಾಮಾನ್ಯ. ಪರಾವಲಂಬಿ ಸತ್ತ ಮೇಲೆ ಕೆಲವೇ ದಿನದಲ್ಲಿ ತಾನಾಗಿ ಏರುತ್ತದೆ. ಪ್ಲೇಟ್‌ಲೆಟ್ ನೋಡಿ ಡೆಂಗಿ ಎಂದು ತೀರ್ಮಾನಿಸಿ ರಸ ಕುಡಿಸುತ್ತಾ ಕೂತ ಮೂರ್ನಾಲ್ಕು ದಿನ ಫಾಲ್ಸಿಪಾರಂ ಆಗಿದ್ದರೆ ಜೀವಕ್ಕೇ ಕುತ್ತು. ಎರಡೂ ಪರೀಕ್ಷೆ ಒಟ್ಟಿಗೆ ಮಾಡಿಸಿ. ಎರಡೂ ಕಾಯಿಲೆ ಒಬ್ಬರಿಗೇ ಬಂದದ್ದೂ ಉಂಟು.

ಫಾಲ್ಸಿಪಾರಂ ಹೊಕ್ಕ ಕೆಂಪು ರಕ್ತಕಣ ಅಂಟಂಟಾಗಿ ಮಿದುಳು, ಮೂತ್ರಪಿಂಡದ ಸಣ್ಣ ರಕ್ತನಾಳಗಳ ಗೋಡೆಗೆ ಕಚ್ಚಿಕೊಳ್ಳುತ್ತದೆ. ಅದಕ್ಕೇ ಮಾತು ತೊದಲುವುದು, ಪ್ರಜ್ಞೆ ಮಸುಕಾಗುವುದು, ಫಿಟ್ಸ್, ಮೂತ್ರ ಕಪ್ಪಾಗುವುದು ಅಥವಾ ಕಟ್ಟುವುದು, ಕಣ್ಣು ಹಳದಿಯಾಗುವುದು, ಉಸಿರು ಮೇಲುಸಿರಾಗುವುದು. ಇವುಗಳಲ್ಲಿ ಒಂದು ಕಂಡರೂ ಮಾತ್ರೆಯ ಕಾಲ ಮುಗಿಯಿತು, ಆರ್ಟಿಸುನೇಟ್ ಇಂಜೆಕ್ಷನ್ ಇರುವ ಆಸ್ಪತ್ರೆಗೆ ಕೂಡಲೇ ಕರೆದೊಯ್ಯಬೇಕು. ವೈವಾಕ್ಸ್ ಸೌಮ್ಯ ಎನ್ನುವ ಮಾತನ್ನೂ ಪೂರ್ತಿ ನಂಬಬೇಡಿ. ಗರ್ಭಿಣಿಯರು, ಪುಟ್ಟ ಮಕ್ಕಳ ವಿಷಯದಲ್ಲಿ ಯಾವ ಮಲೇರಿಯಾವೂ ಸೌಮ್ಯವಲ್ಲ.

ಬಾಲ್ಕನಿ_ಗಿಡ

ಒಬ್ಬರಿಗೆ ಕಳೆದ ವರ್ಷವೂ ಬಂದಿತ್ತು. ಮಲೇರಿಯಾ ಒಮ್ಮೆ ಮೈಗೆ ಹೊಕ್ಕರೆ ಹೋಗುವುದೇ ಇಲ್ಲ ಅಂತಾರಲ್ಲ?

ಔಷಧಿ_ಚೀಟಿ

ಹೋಗುತ್ತದೆ, ಮಾತ್ರೆ ಮುಗಿಸಿದರೆ. ವೈವಾಕ್ಸ್ ಚಿಕಿತ್ಸೆಯಲ್ಲಿ ಎರಡು ಔಷಧಿ. ಕ್ಲೋರೋಕ್ವಿನ್ ಮೂರು ದಿನ, ರಕ್ತದಲ್ಲಿರುವುದನ್ನು ಕೊಲ್ಲಲು. ವಯಸ್ಕರಿಗೆ 600, 600, 300 ಮಿಲಿಗ್ರಾಂ. ಇದು ಬೇಸ್, ಅಂದರೆ ಮೂಲ ಔಷಧಿಯ ಲೆಕ್ಕ. ಸ್ಟ್ರಿಪ್ ಮೇಲೆ ಕ್ಲೋರೋಕ್ವಿನ್ ಫಾಸ್ಫೇಟ್ 250 ಎಂದಿದ್ದರೆ ಅದರಲ್ಲಿ ಬೇಸ್ ಇರುವುದು 150, ಅಂದರೆ 4, 4, 2 ಮಾತ್ರೆ. 250 ಅಂತ ನೋಡಿ ಎರಡೇ ಮಾತ್ರೆ ಸಾಕು ಎಂದುಕೊಳ್ಳುವವರಿದ್ದಾರೆ, ಅಲ್ಲಿಗೆ ಡೋಸ್ ಅರ್ಧ. ನುಂಗಿ ಅರ್ಧ ಗಂಟೆಯೊಳಗೆ ವಾಂತಿಯಾದರೆ ಆ ಡೋಸನ್ನು ಪೂರ್ತಿ ಮತ್ತೆ ಕೊಡಬೇಕು.

ಎರಡನೆಯದು ಪ್ರೈಮಾಕ್ವಿನ್, 14 ದಿನ. ತೂಕದ ಕಿಲೋಗೆ 0.25 ಮಿಲಿಗ್ರಾಂ, 60 ಕಿಲೋದವರಿಗೆ ದಿನಕ್ಕೆ 15. ವೈವಾಕ್ಸ್ ಪರಾವಲಂಬಿಗಳಲ್ಲಿ ಕೆಲವು ಯಕೃತ್ತಿನಲ್ಲಿ ನಿದ್ದೆ ಹೋಗುತ್ತವೆ. ಕ್ಲೋರೋಕ್ವಿನ್ ಅವುಗಳನ್ನು ಮುಟ್ಟದು, ಪ್ರೈಮಾಕ್ವಿನ್ನೇ ಬೇಕು. ಜ್ವರ ಮೂರನೇ ದಿನಕ್ಕೆ ಬಿಡುತ್ತದೆ, ನಾಲ್ಕನೇ ದಿನ ಮಾತ್ರೆ ಡಬ್ಬಿ ಶೋಕೇಸಿಗೆ ಹೋಗುತ್ತದೆ, ಕೆಲ ವಾರ ಅಥವಾ ತಿಂಗಳ ಮೇಲೆ ಜ್ವರ ಮತ್ತೆ ಹಾಜರ್. ಆ ಹೊತ್ತಿಗೆ ಮನೆಯಲ್ಲಿ ಒಂದು ಸೊಳ್ಳೆ ಇದ್ದರೂ ಸರಪಳಿ ಪುನಃ ಶುರು. ನಿಮ್ಮ ಮೂರು ಕೇಸುಗಳಲ್ಲಿ ಒಂದು ಹೀಗೆ ಮರುಕಳಿಸಿದ್ದಾಗಿದ್ದು, ಉಳಿದೆರಡು ಅದರಿಂದ ಹರಡಿದ್ದಾಗಿರಬಹುದು. ಪಕ್ಕದ ಸೈಟಿನ ಜೊತೆ ಇದನ್ನೂ ವಿಚಾರಿಸಿ.

ಪ್ರೈಮಾಕ್ವಿನ್ ಖಾಲಿ ಹೊಟ್ಟೆಗೆ ತಗೊಂಡರೆ ಹೊಟ್ಟೆ ಹಿಂಡುತ್ತದೆ, ಊಟದ ಮೇಲೆ ತಗೊಳ್ಳಿ. ಜಿ6ಪಿಡಿ ಕಿಣ್ವದ ಕೊರತೆ ಇದ್ದವರಲ್ಲಿ ರಕ್ತಕಣ ಒಡೆಯುತ್ತದೆ. ಶುರು ಮಾಡುವ ಮೊದಲು ಆ ಪರೀಕ್ಷೆ ಮಾಡಿಸುವುದು ಕ್ಷೇಮ, ಮಾತ್ರೆ ನಡುವೆ ಮೂತ್ರ ಕಡು ಟೀ ಬಣ್ಣಕ್ಕೆ ತಿರುಗಿದರೆ ಕೂಡಲೇ ನಿಲ್ಲಿಸಿ ವೈದ್ಯರ ಹತ್ತಿರ ಹೋಗಿ. ಗರ್ಭಿಣಿಯರಿಗೂ ಹಸುಗೂಸಿಗೂ ಇದು ಕೊಡುವಂತಿಲ್ಲ. ಫಾಲ್ಸಿಪಾರಂಗೆ ಔಷಧಿಯೇ ಬೇರೆ: ಆರ್ಟಿಮಿಸಿನಿನ್ ಜೋಡಿ ಮಾತ್ರೆ, ಜೊತೆಗೆ ಪ್ರೈಮಾಕ್ವಿನ್ ಒಂದೇ ಸಲ, ಕಿಲೋಗೆ 0.75. ಅದು ಯಕೃತ್ತಿಗಲ್ಲ, ಗ್ಯಾಮಿಟೋಸೈಟ್ ಕೊಲ್ಲಲು.

ಮೂಡಿಗೆರೆ_ಮಳೆ

ಮಲೆನಾಡಿನವರು ಇದನ್ನೆಲ್ಲ ಓದಿ ಟ್ಯಾಂಕಿನ ಮುಚ್ಚಳ ಹುಡುಕಬೇಡಿ. ನಮ್ಮ ಕಡೆಯ ಹಳೇ ಮಲೇರಿಯಾ ಅನಾಫಿಲಿಸ್ ಫ್ಲುವಿಯಾಟಿಲಿಸ್‌ನದ್ದು. ನಿಧಾನ ಹರಿಯುವ ಹಳ್ಳದ ಅಂಚಿನ ಹುಲ್ಲಿನಲ್ಲಿ ಹುಟ್ಟುವ ಸೊಳ್ಳೆ ಅದು. 1953ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಶುರುವಾಗಿ ಗೋಡೆಗೆ ಡಿಡಿಟಿ ಹೊಡೆದಾಗ ಮನೆಯೊಳಗೆ ಕೂರುವ ಈ ಸೊಳ್ಳೆ ಇಳಿಯಿತು. ದೇಶದಲ್ಲಿ 1960ರ ದಶಕದ ನಡುವಿಗೆ ವರ್ಷಕ್ಕೆ ಸುಮಾರು ಒಂದು ಲಕ್ಷಕ್ಕೆ ಇಳಿದಿದ್ದ ಕೇಸು 1976ಕ್ಕೆ 64 ಲಕ್ಷಕ್ಕೆ ಏರಿತು. ಈಗ ದೇಶದ ಗುರಿ 2030ಕ್ಕೆ ಮಲೇರಿಯಾ ನಿರ್ಮೂಲನೆ.

ಸೊಳ್ಳೆಮರಿ

ಪಟ್ಟಣದ ಸೊಳ್ಳೆ ಮಾತ್ರ ಈಗ ಹೊರಗೂ ಹೊರಟಿದೆ. 2012ರಲ್ಲಿ ಆಫ್ರಿಕಾದ ಜಿಬೂಟಿಯಲ್ಲಿ ಸ್ಟೀಫೆನ್ಸಿ ಸಿಕ್ಕಿತು, 2016ರಲ್ಲಿ ಇಥಿಯೋಪಿಯದಲ್ಲಿ. ಮಲೇರಿಯಾ ಹಳ್ಳಿಯ ರೋಗ ಎಂದುಕೊಂಡಿದ್ದ ಅಲ್ಲಿನವರಿಗೆ ನೀರಿನ ಟ್ಯಾಂಕು, ಕಟ್ಟಡ ಸೈಟುಗಳ ತಲೆನೋವು ಹೊಸದು. 2022ರಲ್ಲಿ ಇಥಿಯೋಪಿಯದ ಡಿರೆಡಾವಾ ಪಟ್ಟಣದಲ್ಲಿ ಒಣಹವೆಯ ಕಾಲದಲ್ಲೇ ಮಲೇರಿಯಾ ಎದ್ದಿತು.

ಬಜಪೆ_ಟು_ದುಬೈ

ಗಲ್ಫಿಗೆ ಬರುವವರಿಗೆ ಒಂದು ಸೇರಿಸಿ. ಊರಲ್ಲಿ ಮಲೇರಿಯಾ ಆಗಿ ಪ್ರೈಮಾಕ್ವಿನ್ ಅರ್ಧಕ್ಕೆ ಬಿಟ್ಟು ವಿಮಾನ ಹತ್ತಿದರೆ ಜ್ವರ ಬರುವುದು ಇಲ್ಲಿ. ಇಲ್ಲಿನ ಡಾಕ್ಟರಿಗೆ ಮಲೇರಿಯಾ ಮೊದಲು ಹೊಳೆಯುವುದಿಲ್ಲ.

ಔಷಧಿ_ಚೀಟಿ

ಒಳ್ಳೆಯ ಮಾತು. ಜ್ವರ ಬಂದರೆ ಮಂಗಳೂರಿನಿಂದ ಬಂದದ್ದು, ಹಿಂದೆ ವೈವಾಕ್ಸ್ ಆಗಿತ್ತು ಎಂದು ಬಾಯಿಬಿಟ್ಟು ಹೇಳಿ, ಮಲೇರಿಯಾ ಲೇಪನ ಕೇಳಿ ಮಾಡಿಸಿ. ಮಾಮೂಲಿ ರಕ್ತಕಣ ಎಣಿಕೆಯ ವರದಿಯಲ್ಲಿ ಅದು ಸೇರಿರುವುದಿಲ್ಲ. ಗುಣವಾದ ಮೇಲೆ ಮೂರು ತಿಂಗಳು ರಕ್ತದಾನ ಬೇಡ.

ಬಾಲ್ಕನಿ_ಗಿಡ

ಫಾಗಿಂಗ್ ಕೈಬಿಟ್ಟೆವು. ಆ ದುಡ್ಡಿನಲ್ಲಿ ಟ್ಯಾಂಕಿನ ಮುಚ್ಚಳ, ನೈಲಾನ್ ಬಲೆ. ಸೈಟಿನ ಎಂಜಿನಿಯರ್ ಹತ್ತಿರ ಸಂಕನ್ ಸ್ಲ್ಯಾಬಿನ ಪೈಪ್ ಬಗ್ಗೆ ಕೇಳಿದಾಗ, ಹಾಕಿ ಆದ ಸ್ಲ್ಯಾಬಿಗೆ ಈಗ ತೂತು ಕೊರೆಯಲು ಆಗುವುದಿಲ್ಲ ಅಂದರು.

ತಾರಸಿ_ಮಟ್ಟ

ಕೊರೆಯುವುದು ಬೇಡ, ಕಂಬಿ ಕತ್ತರಿಸಿಬಿಟ್ಟಾರು. ಆದ ಮಹಡಿಗಳಲ್ಲಿ ಆ ಗುಂಡಿಗಳ ನೀರು ಹೊರತೆಗೆದು, ಗುಂಡಿಯ ಮೇಲ್ಮಟ್ಟದವರೆಗೆ ಒಣ ಮರಳು ತುಂಬಿಸಿಡಲಿ. ನೀರು ಮರಳಿನೊಳಗೆ ನಿಂತರೂ ಸೊಳ್ಳೆಗೆ ಮೊಟ್ಟೆಯಿಡಲು ತೆರೆದ ನೀರು ಸಿಗದು. ಪ್ಲಂಬರ್ ಬಂದಾಗ ಅದೇ ಮರಳನ್ನು ಪ್ಲಾಸ್ಟರಿಂಗಿಗೆ ಬಳಸಿಕೊಳ್ಳಬಹುದು, ನಷ್ಟವಿಲ್ಲ. ಇನ್ನು ಹಾಕಬೇಕಾದ ಸ್ಲ್ಯಾಬುಗಳಿಗೆ ಸೆಂಟ್ರಿಂಗ್ ಹಂತದಲ್ಲೇ ಪೈಪ್ ಇಡಿಸಿ. ಕಾಂಕ್ರೀಟ್ ಸುರಿಯುವಾಗ ಪೈಪಿನ ಬಾಯಿಗೆ ಗೋಣಿ ತುರುಕಿರಬೇಕು, ಇಲ್ಲದಿದ್ದರೆ ಸಿಮೆಂಟ್ ಹಾಲು ಇಳಿದು ಅದೇ ಕಟ್ಟಿಕೊಳ್ಳುತ್ತದೆ.